ಎಡಗೈ ಪಕ್ಕದ ದೀಪಗಳು

ಚಿಕ್ಕಪ್ಪ ಆ ರಟ್ಟಿನ ಪೆಟ್ಟಿಗೆ ಬಿಚ್ಚಿದ ಸಂಜೆ ಜಗಲಿಯ ಮೇಲೆ ಮನೆಯವರೆಲ್ಲ ಇದ್ದೆವು. ಹಗ್ಗದ ಮಂಚದ ಮೇಲೆ ತಾತ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಅಪ್ಪ ಕಂಬಕ್ಕೆ ಒರಗಿದ್ದ. ಅಮ್ಮ ಮೊರದ ತುಂಬ ದಂಟಿನ ಸೊಪ್ಪು ಇಟ್ಟುಕೊಂಡು ಬಿಡಿಸುತ್ತಿದ್ದರೆ, ಎದುರಿಗೆ ಕೂತ ಅತ್ತೆ ಅಮ್ಮ ಬಿಡಿಸಿದ್ದನ್ನೇ ಇನ್ನೊಂದು ಸಲ ಬಿಡಿಸುತ್ತಿದ್ದಳು. ಅತ್ತೆ ಅಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಜೊತೆಯೇ ಉಳಿದವಳು. ನಾನು ಶ್ರೀನಿವಾಸಪುರದ ಶಾಲೆಯಲ್ಲಿ ಪಾಠ ಹೇಳಿ, ಬಸ್ಸಿಳಿದು ಬಂದು, ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿದ್ದ ಕಾಲ. ಯಲ್ದೂರಿನ ಕಡೆ, ರಸ್ತೆಯಿಂದ ಒಳಕ್ಕೆ, ಮಾವಿನ ತೋಟದ ನಡುವೆ ನಮ್ಮ ಮನೆ.

ಚಿಕ್ಕಪ್ಪ ಮಾಲೂರಿನ ಹತ್ತಿರ ಯಾರೋ ಬೆಂಗಳೂರಿನವರ ಫಾರಂ ಹೌಸಿನಲ್ಲಿ ತೋಟ ನೋಡಿಕೊಳ್ಳುತ್ತಿದ್ದ. ಅಲ್ಲಿ ಹುಲ್ಲುಹಾಸಿನ ಅಂಚಿಗೆ ಚುಚ್ಚಿದ್ದ ಸೋಲಾರ್ ದೀಪಗಳನ್ನು ಕಿತ್ತು ಬೇರೆ ನಮೂನೆಯವನ್ನು ಹಾಕಿಸಿದರಂತೆ. ಬಿಸಿಲು ಕುಡಿದಿದ್ದ ಹಳೆಯವನ್ನು ಅವತ್ತೇ ಮಧ್ಯಾಹ್ನ ಇವನಿಗೆ ಕೊಟ್ಟರು. ಒಂದೊಂದೂ ಮೊಳದುದ್ದದ ಕಡ್ಡಿ, ಅದರ ತುದಿಗೆ ಅಣಬೆಯಂಥ ಟೋಪಿ, ಟೋಪಿಯ ನೆತ್ತಿಯಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಕಪ್ಪು ಗಾಜು, ಕೆಳಗೆ ಗೀರುಗೀರಾದ ಪ್ಲಾಸ್ಟಿಕ್ ಬುಡ್ಡಿ.

ಅತ್ತೆ ಒಂದನ್ನು ಕೈಗೆ ತೆಗೆದುಕೊಂಡು ತಲೆಕೆಳಗು ಮಾಡಿ ನೋಡಿದಳು. "ಎಣ್ಣೆ ಎಲ್ಲಿ ಹಾಕ್ತಾರೋ ಇದಕ್ಕೆ?"

"ಎಣ್ಣೇನೂ ಇಲ್ಲ, ವೈರೂ ಇಲ್ಲ ಕಣಕ್ಕಾ. ಹಗಲೆಲ್ಲ ಬಿಸಿಲು ಕುಡೀತೈತೆ. ಕತ್ತಲಾದ್ರೆ ತಾನೇ ಹತ್ಕೊಂತೈತೆ."

"ತಾನೇ?"

"ತಾನೇ."

"ಯಾರೂ ಹಚ್ಚದೇನೆ?"

"ಯಾರು ಹಚ್ಚಬೇಕು? ಲೈನ್‌ಮ್ಯಾನು ಬಂದು ಹಚ್ಚಿ ಹೋಗ್ತಾನಾ?"

ತಾತ ತನ್ನ ಬೋಳು ನೆತ್ತಿ ಸವರಿಕೊಂಡ. "ಲೇ, ಬಿಸಿಲು ಕುಡಿದ್ರೆ ಹತ್ಕೊಳ್ಳೋದಾದ್ರೆ ನಿಮ್ಮಪ್ಪನ ತಲೆ ಈ ಹೊತ್ತಿಗೆ ಹತ್ಕೊಂಡು ಉರೀಬೇಕಿತ್ತಲ್ಲೋ."

ನಾವು ನಗುತ್ತಿರುವಾಗಲೇ ಚಿಕ್ಕಪ್ಪ ಜಗಲಿಯಿಂದ ಕೊಟ್ಟಿಗೆಯವರೆಗಿನ ದಾರಿಯ ಎಡಬದಿಗೆ ಆ ಕಡ್ಡಿಗಳನ್ನು ಸಾಲಾಗಿ ಚುಚ್ಚಿ ಬಂದ. ಹೊತ್ತು ಮುಳುಗಿತು. ಮಾವಿನ ಮರಗಳ ಅಡಿಯಲ್ಲಿ ಕತ್ತಲು ಬೇಗ ಇಳಿಯುತ್ತದೆ. ಅಲ್ಲಿದ್ದದ್ದು ಮೊದಲು ಹತ್ತಿತು. ಆಮೇಲೆ ಅದರ ಈಚೆಯದು. ಹೀಗೆ ಕೊಟ್ಟಿಗೆಯ ಕಡೆಯಿಂದ ಒಂದಾದ ಮೇಲೊಂದು ಹತ್ತುತ್ತ, ಮನೆಯ ಕಡೆಗೆ ಬಂದವು. ಹಳದಿಯ ಬೆಚ್ಚನೆಯ ಬೆಳಕಲ್ಲ, ನೀಲಿ ಬೆರೆತ ಬಿಳಿ. ಯಾರೋ ಕಣ್ಣಿಗೆ ಕಾಣದವರು ಹಚ್ಚುತ್ತ ಹಚ್ಚುತ್ತ ನಮ್ಮ ಬಾಗಿಲಿಗೇ ನಡೆದು ಬರುತ್ತಿದ್ದಾರೇನೋ ಅನ್ನಿಸಿಬಿಟ್ಟಿತು. ಎಲ್ಲರ ನಗುವೂ ಒಟ್ಟಿಗೇ ನಿಂತಿತು. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದವಳು ಬಾಗಿಲ ಮರೆಯಿಂದಲೇ ಕೇಳಿದಳು: "ಹೋಯ್ತಾ?"

"ಏನು ಹೋಯ್ತಾ? ದೀಪ ಅಕ್ಕಾ ಅದು!"

"ಹಚ್ಚಿದೋರು ಕಾಣ್ತಿಲ್ಲ ಅಂದ್ರೆ ಹಚ್ಚಿದೋರು ಇಲ್ಲ ಅಂತಲ್ಲ ಕಣೋ."

ಚಿಕ್ಕಪ್ಪ ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ. ಆದರೆ ಅವತ್ತು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ, ಬೆನ್ನ ಹಿಂದೆ ಆ ಸಾಲು ಇದೆ ಅನ್ನುವ ನೆನಪಿಗೇ ಕುತ್ತಿಗೆಯ ಮೇಲಿನ ಕೂದಲು ನಿಮಿರಿದ್ದನ್ನು ಯಾರಿಗೂ ಹೇಳಲಿಲ್ಲ.

ಹೆದರಿದ್ದು ನಾವಷ್ಟೇ ಅಲ್ಲ. ಸಂಜೆ ಹಾಲಿಗೆ ಬರುತ್ತಿದ್ದ ಊರಿನ ಹೆಂಗಸು ಮಾರನೆಯ ದಿನ ತೋಟದ ಬಾಯಲ್ಲೇ ನಿಂತು, ಕ್ಯಾನು ಅಲ್ಲೇ ಕುಕ್ಕಿ, ಬಂದ ದಾರಿಯಲ್ಲೇ ಓಡಿದಳು. ಮಾವಿನ ತೋಪಿನಲ್ಲಿ ಕೊಳ್ಳಿದೆವ್ವಗಳು ಸಾಲುಗಟ್ಟಿ ನಿಂತಿವೆ ಎಂದು ಊರಿನಲ್ಲಿ ಸುದ್ದಿಯಾಯಿತು. ಕೊಳ್ಳಿದೆವ್ವದ ಕಥೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಕತ್ತಲಲ್ಲಿ ದೂರ ಬೆಂಕಿ ಕಾಣುತ್ತದೆ, ಅದೇ ಊರು ಅಂದುಕೊಂಡು ಹೋದವನನ್ನು ಅದು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಕೆರೆಗೋ ಬಾವಿಗೋ ಎಳೆದುಕೊಂಡು ಹೋಗುತ್ತದೆ. ಚಿಕ್ಕಂದಿನಲ್ಲಿ ಈ ಕಥೆಯನ್ನು ತಾತನ ಬಾಯಲ್ಲಿ ಎಷ್ಟು ಸಲ ಕೇಳಿದ್ದೆನೋ. ಅವನು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಹೇಳುವವನು. ಭಯದ ಜಾಗ ಬಂದಾಗಲೆಲ್ಲ ತೆಲುಗಿಗೆ ಹೊರಳಿಬಿಡುತ್ತಿದ್ದ.

ಇಲ್ಲಿ ನಮ್ಮ ಬಾವಿಯ ವಿಷಯ ಹೇಳಿಬಿಡಬೇಕು. ಮನೆಯಿಂದ ಕೊಟ್ಟಿಗೆಗೆ ಹೋಗುವ ದಾರಿಯ ಬಲಗಡೆ, ಅರ್ಧ ದಾರಿಯಲ್ಲಿ, ಹಳೇ ಕಪಿಲೆ ಬಾವಿ. ಎತ್ತು ಕಟ್ಟಿ ಚರ್ಮದ ಬಾನಿಯಲ್ಲಿ ನೀರೆತ್ತುತ್ತಿದ್ದ ಕಾಲದ್ದು. ಮನೆಯ ಅಂಗಳದಷ್ಟು ಅಗಲ, ಚೌಕ, ಸುತ್ತ ಕಟ್ಟೆಯೇ ಇಲ್ಲ. ನೀರು ಬತ್ತಿ ಯಾವ ಕಾಲವಾಗಿತ್ತೋ. ಬೋರ್‌ವೆಲ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ತಳದಲ್ಲಿ ಬರೀ ಬಂಡೆ. ಬಾವಿಯ ಆಚೆ ದಡದಲ್ಲಿ ಇಳಿಯುವುದಕ್ಕೆ ಕಲ್ಲಿನ ಮೆಟ್ಟಿಲುಗಳಿದ್ದವು, ಅವೂ ಅರ್ಧಕ್ಕೇ ಕುಸಿದಿದ್ದವು. ರಸ್ತೆಯಿಂದ ನಾನು ನಡೆದು ಬರುವ ಕಾಲುದಾರಿ ಆ ಮೆಟ್ಟಿಲ ತಲೆಯ ಪಕ್ಕದಲ್ಲೇ ಹಾದು, ಬಾವಿಯನ್ನು ಅರ್ಧ ಸುತ್ತಿ ಮನೆ ಸೇರುತ್ತಿತ್ತು. ನೀರಿರುವ ಬಾವಿಗಿಂತ ನೀರಿಲ್ಲದ ಬಾವಿಯ ಭಯ ಹೆಚ್ಚು. ಚಿಕ್ಕವಳಿದ್ದಾಗ ಒಂದು ಕಲ್ಲು ಹಾಕಿ ಸದ್ದಿಗೆ ಕಾಯುತ್ತಿದ್ದೆ. ಸದ್ದು ಬರುವಷ್ಟರಲ್ಲಿ ನಾನು ಮನೆಗೆ ಓಡಿಯಾಗಿರುತ್ತಿತ್ತು.

ಇನ್ನು ತಾತನ ಕಣ್ಣು. ಎರಡಕ್ಕೂ ಪೊರೆ ಬಂದಿತ್ತು. ಹಗಲಲ್ಲಿ ಹೇಗೋ ನಿಭಾಯಿಸುತ್ತಿದ್ದ. ಹೊತ್ತು ಇಳಿಯಿತೆಂದರೆ ಮನುಷ್ಯ ಯಾರು, ಮರ ಯಾವುದು ಗೊತ್ತಾಗುತ್ತಿರಲಿಲ್ಲ. ಆದರೂ ಸಂಜೆ ಕೊಟ್ಟಿಗೆಗೆ ಹೋಗಿ ಹಸುವಿನ ಗಂಗೆದೊಗಲು ಸವರಿ, ಹಗ್ಗ ತಾನೇ ಕಟ್ಟಿ ಬರಬೇಕು. ಆ ಕೆಲಸ ಬೇರೆ ಯಾರೂ ಮಾಡಬಾರದು. ಅಮ್ಮ ನನ್ನನ್ನೋ ಅಪ್ಪನನ್ನೋ ಜೊತೆಗೆ ಕಳಿಸಿದರೆ, "ನಾನೇನು ಹೊಸ ಮದುವಣಗಿತ್ತೀನಾ ಕೈ ಹಿಡ್ಕೊಂಡು ಕರ್ಕೊಂಡು ಹೋಗೋಕೆ" ಎಂದು ಸಿಡುಕುತ್ತಿದ್ದ. ಆಪರೇಷನ್ ಮಾಡಿಸೋಣ ಅಂದರೆ ಮುಖವೇ ಬೇರೆಯಾಗುತ್ತಿತ್ತು.

"ಕಣ್ಣೇನು ಮಾವಿನಕಾಯಾ, ಕುಯ್ದು ಉಪ್ಪು ಹಾಕೋಕೆ?"

ನಗಿಸುವ ಹಾಗೆ ಹೇಳುತ್ತಿದ್ದ. ಆದರೆ ಹೇಳುವಾಗ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದ. ಹೊಲದಲ್ಲಿ ಹಾವು ಕಂಡರೆ ದಾರಿ ಬಿಟ್ಟು ನಿಂತು ಮಾತಾಡಿಸುವ ಮನುಷ್ಯ, ಕಣ್ಣಿನ ಹತ್ತಿರ ಕತ್ತಿ ಬರುತ್ತದೆ ಅನ್ನುವುದಕ್ಕೆ ಹೆದರುತ್ತಿದ್ದ. ನಮಗೆ ಅವನ ಸಂಜೆಯ ನಡಿಗೆಯ ಭಯ. ಅವನು ಜಗಲಿ ಇಳಿದು ಹೋದಾಗಿನಿಂದ ಕೆಮ್ಮುತ್ತ ವಾಪಸು ಬರುವವರೆಗೆ ಅಮ್ಮನ ಕಿವಿ ಒಲೆಯ ಮುಂದೆ ಇರುತ್ತಿರಲಿಲ್ಲ.

ಅಂಥವನಿಗೆ ಈ ದೀಪಗಳು ವರವಾಗಿ ಬಂದವು. ಪೊರೆ ಬಂದ ಕಣ್ಣಿಗೆ ಅವು ದೀಪದ ಹಾಗೆ ಕಾಣುತ್ತಿರಲಿಲ್ಲವಂತೆ. ಹತ್ತಿಯ ಉಂಡೆಯ ಹಾಗೆ, ಸುತ್ತ ಬಣ್ಣದ ಬಳೆ ಇಟ್ಟ ಹಾಗೆ ದೊಡ್ಡದಾಗಿ ಕಾಣುತ್ತವೆ ಎಂದು ವರ್ಣಿಸುತ್ತಿದ್ದ. ಎರಡೇ ದಿನದಲ್ಲಿ ತನ್ನದೇ ಕಾನೂನು ಮಾಡಿಕೊಂಡ.

"ನೋಡೇ, ಒಂದು ದೀಪದ ಕಡೆ ಮುಖ ಮಾಡಿ ನಡೆಯೋದು. ಅದು ಎಡಗೈ ಪಕ್ಕಕ್ಕೆ ಬಂತು ಅಂದ್ರೆ ಮುಂದಿನದು ಹುಡುಕೋದು. ಅಷ್ಟೇ."

"ದೀಪ ಕಾಣದಿದ್ರೆ?" ಅಮ್ಮ ಕೇಳಿದಳು.

"ಕಾಣದಿದ್ರೆ ನಿಂತ್ಕೊಳ್ಳೋದು. ನಾನೇನು ಹುಚ್ಚನಾ ಕತ್ತಲಲ್ಲಿ ನಡೆಯೋಕೆ?"

ಇದರ ಜೊತೆಗೆ ಅವನ ಕಿವಿಯೂ ಸ್ವಲ್ಪ ಮಂದ. ಯಾರಾದರೂ ಕೂಗಿದರೆ ನಿಂತು ಕೇಳುವವನಲ್ಲ. "ಬಂದೆ, ಬಂದೆ" ಅನ್ನುತ್ತ, ಕೂಗಿದವರ ಮುಖದ ಹತ್ತಿರ ತನ್ನ ಮುಖ ತಂದು ಕೇಳುವವನು. ದೂರದಿಂದ ಅವನನ್ನು ಕರೆದು ಸುಮ್ಮನೆ ನಿಂತರೆ ಸಾಕು, ಮಾತು ಶುರುವಾಗುವ ಮೊದಲು ಅವನೇ ಹತ್ತಿರ ಇರುತ್ತಿದ್ದ.

ಅತ್ತೆಗೂ ಬರಬರುತ್ತ ಭಯ ಕಡಿಮೆಯಾಯಿತು. ಮೊದಮೊದಲು ಆ ದಾರಿಯಲ್ಲಿ ಹಗಲಲ್ಲೂ ಸೀರೆ ಎತ್ತಿಹಿಡಿದು ದೂರದಿಂದ ಹೋಗುತ್ತಿದ್ದವಳು, ಟೋಪಿಯ ಮೇಲಿನ ಗಾಜಿನಲ್ಲಿ ಧೂಳು ಕೂತರೆ ದೀಪ ಮಂಕಾಗುತ್ತದೆ ಎಂದು ಚಿಕ್ಕಪ್ಪ ಹೇಳಿದ ಮೇಲೆ, ದಿನಾ ಬೆಳಿಗ್ಗೆ ಹಳೇ ಸೀರೆಯ ಚೂರಿನಿಂದ ಒಂದೊಂದನ್ನೂ ಒರೆಸತೊಡಗಿದಳು. ಶುಕ್ರವಾರ ಬಂದರೆ ಪ್ರತಿ ಕಡ್ಡಿಗೂ ಅರಿಸಿನ ಕುಂಕುಮ. "ಯಾರು ಹಚ್ತಾರೋ ಏನೋ, ಹಚ್ಚೋರಿಗೆ ನಮ್ಮ ಮೇಲೆ ಸಿಟ್ಟು ಬರಬಾರ್ದು" ಅನ್ನುವುದು ಅವಳ ಲೆಕ್ಕಾಚಾರ. ಕೆಲವು ದೀಪ ಮರದ ನೆರಳಿನಲ್ಲಿದ್ದವು, ಅವು ಸಂಜೆ ಸ್ವಲ್ಪ ಹೊತ್ತು ಮಿಣುಕಿ ಸೋಲುತ್ತಿದ್ದವು. ದಾರಿಯ ನಡುವೆ, ಬಾವಿಗೆ ಎದುರಾಗಿ, ಮರವಿಲ್ಲದ ಬಯಲಲ್ಲಿದ್ದ ಎರಡು ಮಾತ್ರ ಚೆನ್ನಾಗಿ ಬಿಸಿಲು ಕುಡಿದು ಎಲ್ಲಕ್ಕಿಂತ ಪ್ರಕಾಶವಾಗಿ ಉರಿಯುತ್ತಿದ್ದವು. ತಾತ ಅವಕ್ಕೆ ಜೋಡೆತ್ತು ಅಂತ ಹೆಸರಿಟ್ಟಿದ್ದ.

ಕಾರ್ತಿಕ ಬಂತು. ಆ ವರ್ಷ ಮದರಾಸಿನ ಕಡೆಯ ಸಮುದ್ರದಲ್ಲಿ ಏನೋ ವಾಯುಭಾರ ಕುಸಿತ ಅಂತ ರೇಡಿಯೋದಲ್ಲಿ ಹೇಳುತ್ತಿದ್ದರು. ನಮ್ಮ ಕಡೆ ದಿನಗಟ್ಟಲೆ ಮೋಡ, ಜಿಟಿಜಿಟಿ ಮಳೆ, ಕಿವಿ ಕೊರೆಯುವ ಗಾಳಿ. ಕಾರ್ತಿಕದ ಸೋಮವಾರ ಸಂಜೆ ಹೊಸ್ತಿಲಿಗೆ, ತುಳಸಿಗೆ, ಕೊಟ್ಟಿಗೆಗೆ, ತಿಪ್ಪೆಗೆ, ಬಾವಿಗೆ ದೀಪ ಇಡುವುದು ನಮ್ಮ ಮನೆಯ ಪದ್ಧತಿ. ಬಾವಿಯ ದೀಪವನ್ನು ಮೆಟ್ಟಿಲಿನ ತಲೆಯಲ್ಲಿ, ನೀರಿಗೆ ಇಳಿಯುವ ಜಾಗದಲ್ಲೇ ಇಡಬೇಕು. ನೀರಿಲ್ಲದ ಬಾವಿಗೆ ದೀಪ ಯಾಕೆ ಎಂದು ಒಮ್ಮೆ ಅಪ್ಪ ಕೇಳಿದ್ದಕ್ಕೆ ಅತ್ತೆ, "ಮನೆ ಬಿಟ್ಟು ಹೋದೋಳು ವಾಪಸು ಬರೋವಾಗ ಬಾಗಿಲಲ್ಲಿ ದೀಪ ಇರ್ಬೇಕು" ಅಂದಿದ್ದಳು. ನೀರಿನ ದೇವತೆ ಗಂಗಮ್ಮನ ವಿಷಯ ಹೇಳಿದ್ದು. ಅತ್ತೆಯೂ ಹಾಗೇ ತವರಿಗೆ ವಾಪಸು ಬಂದವಳು. ಅಪ್ಪ ಮತ್ತೆ ಆ ಮಾತು ಎತ್ತಲಿಲ್ಲ.

ಮೊದಲ ಸೋಮವಾರ ಮಣ್ಣಿನ ಹಣತೆ ಇಟ್ಟು ಬಂದಳು, ಗಾಳಿಗೆ ಆರಿತು. ಮತ್ತೆ ಹಚ್ಚಿದಳು, ಮಳೆಗೆ ಆರಿತು. ಮಡಕೆ ಕವುಚಿಟ್ಟಳು, ಗಾಳಿ ಸಾಲದೆ ಆರಿತು. ಕಾರ್ತಿಕದಲ್ಲಿ ಬಾವಿಯ ದೀಪ ಆರಿಹೋಯಿತೆಂದು ಆ ವಾರವೆಲ್ಲ ಅನ್ನ ಸರಿಯಾಗಿ ಉಣ್ಣಲಿಲ್ಲ.

ಮುಂದಿನ ಸೋಮವಾರ ಶಾಲೆ ಬಿಡುವುದಕ್ಕೇ ತಡವಾಯಿತು, ಬಸ್ಸೂ ತಡವಾಯಿತು. ನಾನು ರಸ್ತೆಯಲ್ಲಿ ಇಳಿದಾಗ ಹೊತ್ತು ಮುಳುಗಿ, ಆಕಾಶದಲ್ಲಿ ಬೂದಿಯ ಬಣ್ಣ ಮಾತ್ರ ಉಳಿದಿತ್ತು. ಕರೆಂಟು ಹೋಗಿತ್ತು. ಕೊಡೆ ಬಿಚ್ಚಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಕೆಸರಲ್ಲಿ ಹೆಜ್ಜೆ ಹುಡುಕುತ್ತ ಬಂದೆ. ತೋಟ ಹೊಕ್ಕಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಎಷ್ಟೋ ತಿಂಗಳಿಂದ ಇದೇ ದಾರಿಯಲ್ಲಿ ಬರುವಾಗ ದೂರಕ್ಕೆ ಕಾಣುತ್ತಿದ್ದ ಸಾಲು ಇವತ್ತು ಸಾಲಾಗಿರಲಿಲ್ಲ. ಜಗಲಿಯ ಹತ್ತಿರ ಒಂದೆರಡು ಮಂಕಾಗಿ ಮಿಣುಕುತ್ತಿದ್ದವು. ಆಚೆ ಮರಗಳ ಕೆಳಗಿನವು ಮೋಡದ ದೆಸೆಯಿಂದ ಹತ್ತಿಯೇ ಇರಲಿಲ್ಲ. ನಡುವೆ ಜೋಡೆತ್ತಿನ ಜಾಗದಲ್ಲಿ ಕತ್ತಲು. ಆದರೆ ಎರಡು ದೀಪ ನನ್ನ ಎದುರಿಗೇ, ತೀರ ಹತ್ತಿರದಲ್ಲಿ, ನೀಲಿಯಾಗಿ ಉರಿಯುತ್ತಿದ್ದವು. ಒಂದು ಕ್ಷಣ ಕಾಲು ಮುಂದೆ ಬರಲಿಲ್ಲ. ಕೊಳ್ಳಿದೆವ್ವ ಅನ್ನುವ ಶಬ್ದ ತಲೆಯೊಳಗೆ ತಾತನ ಗಂಟಲಿನಲ್ಲಿ ಕೇಳಿಸಿತು.

ಹತ್ತಿರ ಹೋದೆ. ದೀಪಗಳು ಬಾವಿಯ ಮೆಟ್ಟಿಲ ತಲೆಯಲ್ಲಿ, ಎಡಕ್ಕೊಂದು ಬಲಕ್ಕೊಂದು ಚುಚ್ಚಿಕೊಂಡು ನಿಂತಿದ್ದವು. ಬುಡದಲ್ಲಿ ಅರಿಸಿನ, ಕುಂಕುಮ, ಎರಡು ಚೆಂಡುಹೂವು, ವೀಳ್ಯದೆಲೆ. ಅತ್ತೆಯ ಕೈಕೆಲಸ. ಗಾಳಿಗೂ ಮಳೆಗೂ ಆರದ ದೀಪ ಅಂದರೆ ಇವೇ ಅಲ್ಲವೇ, ದೇವರಿಗೆ ಇಡುವಾಗ ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿ ತಂದಿದ್ದಾಳೆ ಎಂದು ನನಗೆ ನಗುವೇ ಬಂತು. ಆ ನಗು ಮುಖದಲ್ಲಿರುವಾಗಲೇ ತಲೆ ಎತ್ತಿದೆ.

ಬಾವಿಯ ಆಚೆ ಬದಿಯಲ್ಲಿ ಬಿಳಿ ಪಂಚೆಯೊಂದು ಚಲಿಸುತ್ತಿತ್ತು.

ತಾತ ದಾರಿ ಬಿಟ್ಟಿದ್ದ. ಕೋಲು ಮುಂದಕ್ಕೆ ಚಾಚಿ, ಮುಖ ಎತ್ತಿ, ನೇರವಾಗಿ ನನ್ನ ಕಡೆಗೆ ಬರುತ್ತಿದ್ದ. ನನ್ನ ಕಡೆಗಲ್ಲ, ನನ್ನ ಕಾಲ ಬಳಿಯ ದೀಪಗಳ ಕಡೆಗೆ. ಅವನಿಗೆ ಜೋಡೆತ್ತು ಎದುರಿಗೇ ಕಾಣುತ್ತಿದ್ದವು. ಅವನಿಗೂ ಅವಕ್ಕೂ ನಡುವೆ ಬಾವಿ ಬಾಯಿ ತೆರೆದುಕೊಂಡಿತ್ತು.

ಭಯ ಅಂದರೆ ಏನು ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ, ನಿಜ ಹೇಳುತ್ತೇನೆ. ಕೂಗಬಾರದು ಅಂತ ಬುದ್ಧಿಗೆ ಹೊಳೆಯುವ ಮೊದಲೇ ಗಂಟಲು ಕೂಗಿಬಿಟ್ಟಿತ್ತು.

"ತಾತಾ!"

"ಆಂ? ಬಂದೆ, ಬಂದೆ!"

ಅವನ ಹೆಜ್ಜೆ ಚುರುಕಾಯಿತು. ನಿಲ್ಲು ಎಂದು ಇನ್ನೊಂದು ಸಲ ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಕೂಗಿದಷ್ಟೂ ಅವನು ಬೇಗ ಬರುವವನು. ಸುತ್ತಿಕೊಂಡು ಓಡಿದರೆ ಆ ಕೆಸರಿನಲ್ಲಿ ನಾನು ಅರ್ಧ ದಾರಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಕೋಲಿನ ತುದಿ ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು. ಅಂಚಿನ ಕಲ್ಲು ಅದು.

ಕಾಣದಿದ್ರೆ ನಿಂತ್ಕೊಳ್ಳೋದು. ಆ ಮಾತು ಹೇಗೆ ನೆನಪಾಯಿತೋ ಇವತ್ತಿಗೂ ಗೊತ್ತಿಲ್ಲ. ಕೊಡೆ ಎಸೆದೆ. ಎರಡು ಕೈಯಲ್ಲಿ ಎರಡು ದೀಪ ಹಿಡಿದು ಕಿತ್ತೆ. ಊದಿದರೆ ಆರುವ ದೀಪವಲ್ಲ, ಬತ್ತಿ ಎಳೆಯೋಣ ಅಂದರೆ ಬತ್ತಿಯಿಲ್ಲ. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಬೆಳಕು ಸೋರುತ್ತದೆ. ಎರಡನ್ನೂ ಮಡಿಲಿಗೆ ಒತ್ತಿಕೊಂಡು, ಸೆರಗು ಸುತ್ತಿ, ಅವುಗಳ ಮೇಲೆ ಬೋರಲಾಗಿ ಕೆಸರಿಗೆ ಬಿದ್ದೆ.

ಎಲ್ಲ ಕತ್ತಲಾಯಿತು. ಅವನಿಗಷ್ಟೇ ಅಲ್ಲ, ನನಗೂ. ಮುಖ ಮಣ್ಣಿಗೆ ಹತ್ತಿತ್ತು. ಅವನು ನಿಂತನೋ ಇಲ್ಲವೋ ನೋಡಲು ತಲೆ ಎತ್ತಿದರೆ ಹೊಟ್ಟೆಯ ಕೆಳಗಿನ ಬೆಳಕು ಹೊರಗೆ ಬಂದೀತೆಂದು ಎತ್ತಲಿಲ್ಲ. ಮಳೆಯ ಜಿಟಿಜಿಟಿ ಬಿಟ್ಟು ಇನ್ನೇನೂ ಕೇಳಿಸುತ್ತಿರಲಿಲ್ಲ. ಆಮೇಲೆ ಏನೋ ಜಾರಿದ ಸದ್ದು. ಒಂದು ಉಸಿರಿನಷ್ಟು ಮೌನ. ಬಾವಿಯ ತಳದಿಂದ ಕಲ್ಲಿಗೆ ಬಡಿದ ಸದ್ದು ಬಂತು.

ಕಿರುಚಲಿಲ್ಲ, ಅಳಲಿಲ್ಲ. ಮನೆಯವರಿಗೆ ಏನಂತ ಹೇಳಲಿ ಅನ್ನುವ ಒಂದೇ ಯೋಚನೆ ಆ ಕೆಸರಲ್ಲಿ ಮುಖ ಇಟ್ಟುಕೊಂಡು ಸುತ್ತುತ್ತಿತ್ತು.

"ಯಾರದು ದೀಪ ತೆಗೆದಿದ್ದು?"

ತಾತನ ದನಿ. ಮೇಲಿಂದ. ಸಿಟ್ಟಿನ ದನಿ.

"ಲೇ, ಯಾರದು? ಏಮಿರಾ ಇದಿ?"

ತೆಲುಗು ಬಂದಿತ್ತು ಬಾಯಿಗೆ. ಅಂದರೆ ಅವನಿಗೂ ಭಯ ಹತ್ತಿತ್ತು.

ದೀಪಗಳನ್ನು ತಲೆಕೆಳಗು ಮಾಡಿ ಕೆಸರಿಗೆ ಅದುಮಿ, ಮೇಲೆ ಶಾಲೆಯ ಬ್ಯಾಗು ಹೇರಿ, ಕೈಕಾಲೂರಿಕೊಂಡೇ ಬಾವಿಯನ್ನು ಸುತ್ತಿದೆ. ಎದ್ದು ಓಡಿದರೆ ಜಾರಿ ನಾನೇ ಒಳಗೆ ಬೀಳುತ್ತಿದ್ದೆ. ಮಾತಾಡಲೂ ಇಲ್ಲ, ಮಾತು ಕೇಳಿ ಒಂದು ಹೆಜ್ಜೆ ಇಟ್ಟುಬಿಟ್ಟಾನೆಂದು. ಹಿಂದಿನಿಂದ ಹೋಗಿ ಅವನ ಪಂಚೆ, ಆಮೇಲೆ ಸೊಂಟ ಹಿಡಿದೆ. ಬೆಚ್ಚಿಬಿದ್ದ. ಆದರೆ ಹೆಜ್ಜೆ ಎತ್ತಲಿಲ್ಲ.

"ಯಾರು? ನೀನಾ? ಏನೇ ಕೈ ಹಿಂಗೆ ಐಸಾಗೈತೆ?"

ನಾನು ಅವನನ್ನು ಹಿಂದಕ್ಕೆ ಎಳೆದೆ.

"ಕೋಲು ಜಾರ್ತು ಕಣೇ," ಅಂದ. "ಊರೋಣ ಅಂತ ಮುಂದಕ್ಕೆ ಇಟ್ಟೆ. ನೆಲ ಸಿಗಲಿಲ್ಲ."

ಆಮೇಲೆ ಬಹಳ ಮೆಲ್ಲಗೆ ಕೇಳಿದ. "ಬಾವೀನಾ?"

"ಹೂಂ ತಾತ."

"ದೇವುಡಾ" ಎಂದವನೇ ಅಲ್ಲೇ ಕುಸಿದು ಕೂತ. ನಾನೂ ಕೂತೆ. ಕೆಸರಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹಾಗೇ ಕೂತಿದ್ದೆವು. ಕೊಟ್ಟಿಗೆಯಿಂದ ಹಸು ಕೂಗಿತು. ಅವನು ಆ ಕಡೆ ಮುಖ ಸಹ ತಿರುಗಿಸಲಿಲ್ಲ.

ನನ್ನ ಕೂಗು ಕೇಳಿ ಅಪ್ಪ ಟಾರ್ಚು ಹಿಡಿದು ಓಡಿಬಂದಿದ್ದ. ಹಿಂದೆ ಅಮ್ಮ, ಅವಳ ಹಿಂದೆ ತಂಬಿಟ್ಟಿನ ತಟ್ಟೆ ಹಿಡಿದು ಅತ್ತೆ. ಟಾರ್ಚಿನ ಬೆಳಕು ಮೊದಲು ನಮ್ಮ ಮೇಲೆ, ಆಮೇಲೆ ನಮ್ಮ ಹೆಜ್ಜೆಗುರುತುಗಳ ಮೇಲೆ ಬಿತ್ತು. ತಾತನ ಕೊನೆಯ ಹೆಜ್ಜೆಯ ಗುರುತು ಅಂಚಿನ ಕಲ್ಲಿನ ಮೇಲಿತ್ತು. ಕಾಲ್ಬೆರಳುಗಳ ಗುರುತು ಕಲ್ಲಿನ ಆಚೆ ತುದಿಯಲ್ಲಿ. ಅಪ್ಪ ಟಾರ್ಚು ಆರಿಸಿದ. ಯಾಕೆ ಆರಿಸಿದನೋ, ಅದನ್ನು ಯಾರೂ ನೋಡಬಾರದು ಅಂತ ಇರಬೇಕು. ಆದರೆ ಅತ್ತೆ ನೋಡಿಯಾಗಿತ್ತು.

"ಗಂಗಮ್ಮಂಗೆ ಅಂತ ಇಟ್ಟೆ ನಾಯ್ನಾ," ಅಂದಳು. ನಮ್ಮ ಕಡೆ ಹೆತ್ತ ತಂದೆಯನ್ನು ಹಾಗೆ ಕರೆಯುವುದು. "ಆರಬಾರ್ದು ಅಂತ ಇಟ್ಟೆ ನಾಯ್ನಾ. ನಿನ್ನ ದಾರಿ ದೀಪ ಅಂತ ತಲೇಗೇ ಬರಲಿಲ್ಲವಲ್ಲೋ." ತಟ್ಟೆ ಕೈಯಿಂದ ಬಿತ್ತು. ಅವಳು ಅಳುವುದು ಕೇಳಲಾಗುತ್ತಿರಲಿಲ್ಲ.

ತಾತ ಕತ್ತಲಲ್ಲಿ ಅವಳ ತಲೆ ಹುಡುಕಿ ಕೈ ಇಟ್ಟ. "ಸುಮ್ನಿರೇ. ಗಂಗಮ್ಮ ನನ್ನ ಕೋಲು ಮಾತ್ರ ಇಸ್ಕೊಂಡ್ಲು. ನನ್ನಂಥ ಮುದುಕನ್ನ ತಗೊಂಡು ಅವಳೇನು ಮಾಡ್ಯಾಳು? ತಂಬಿಟ್ಟು ಬಿದ್ದೋಯ್ತಾ?"

"ಬಿತ್ತು."

"ಅದೇ ನೋಡು ನಿಜವಾದ ಅನ್ಯಾಯ."

ಅಮ್ಮ ಅಳುತ್ತಲೇ ನಕ್ಕಳು. ಅತ್ತೆ ನಗಲಿಲ್ಲ.

ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಬೆಳಿಗ್ಗೆ ಎದ್ದು ಅಪ್ಪ ಜಾಲಿಯ ಮುಳ್ಳು ಕಡಿದು ತಂದು ಬಾವಿಯ ಸುತ್ತ ಬೇಲಿ ಹಾಕಿದ. ಅತ್ತೆ ದೀಪಗಳನ್ನೆಲ್ಲ ಕಿತ್ತು ಪೆಟ್ಟಿಗೆಗೆ ತುಂಬಿಡುತ್ತೇನೆಂದು ಹೋದಾಗ ತಾತ ಬೇಡ ಅಂದ. ಕೆಸರು ತೊಳೆದು ಜೋಡೆತ್ತನ್ನು ಮೊದಲಿದ್ದ ಜಾಗಕ್ಕೇ ಹಾಕಿಸಿದ. ಸಂಜೆ ಅವು ಹತ್ತಿದವು ಕೂಡ. ಆದರೆ ಅವನು ಜಗಲಿ ಇಳಿಯಲಿಲ್ಲ. ಮಂಚದ ಮೇಲೆ ಕೂತು ಆ ಕಡೆಗೇ ನೋಡುತ್ತಿದ್ದ. ಹಸುವನ್ನು ಅಪ್ಪ ಕಟ್ಟಿಬಂದ. ತಾತ ಯಾಕೆ ಅನ್ನಲಿಲ್ಲ. ಹೀಗೆ ಎಷ್ಟೋ ಸಂಜೆ ಕಳೆಯಿತು. ನನಗೆ ಅವನು ಬಾವಿಯ ಅಂಚಿನಲ್ಲಿದ್ದಾಗ ಆದದ್ದಕ್ಕಿಂತ ಬೇರೆ ಥರದ ಭಯ ಶುರುವಾಯಿತು. ಮಾತಾಡುತ್ತಿದ್ದವನು ಮಾತು ನಿಲ್ಲಿಸಿದ್ದ. ತಮಾಷೆ ಮಾಡಿದರೂ ಕೇಳಿಸದವನ ಹಾಗೆ ಇರುತ್ತಿದ್ದ. ಅತ್ತೆಯಂತೂ ಅವನ ಎದುರಿಗೆ ಬರುವುದನ್ನೇ ಬಿಟ್ಟು, ಊಟದ ತಟ್ಟೆಯನ್ನು ನನ್ನ ಕೈಲಿ ಕಳಿಸುತ್ತಿದ್ದಳು.

ಒಂದು ಸಂಜೆ ನಾನು ಪಕ್ಕದಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ದೀಪಗಳು ಒಂದೊಂದಾಗಿ ಹತ್ತುತ್ತ ಬಂದವು. ತಾತ ಇದ್ದಕ್ಕಿದ್ದ ಹಾಗೆ ಕೇಳಿದ.

"ಅವು ಎಷ್ಟು ದೊಡ್ಡವಿವೆಯೇ? ನಿಜವಾಗ್ಲೂ?"

"ಇಷ್ಟೇ ತಾತ" ಎಂದು ಅವನ ಅಂಗೈಯಲ್ಲಿ ಬೆರಳಿನಿಂದ ಅಳತೆ ತೋರಿಸಿದೆ.

"ಇಷ್ಟೇನಾ?" ತಾನೂ ಒಂದು ಸಲ ಅಂಗೈ ಮುಟ್ಟಿ ನೋಡಿಕೊಂಡ. "ನಂಗೆ ಕುಂಬಳಕಾಯಷ್ಟು ಕಾಣ್ತಾವೆ." ಆಮೇಲೆ ಮಂಚದ ಅಂಚು ಹಿಡಿದುಕೊಂಡ. "ಕೋಲಾರಕ್ಕೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ?"

ನಾನು ಪೆನ್ನು ಕೆಳಗಿಟ್ಟೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ನೀನು ಜೊತೆಗೆ ಬರ್ಬೇಕು," ಅಂದ. "ನಿಮ್ಮಪ್ಪ ಬೇಡ, ಅವನು ನನಗಿಂತ ಹೆದರುಬುರುಕ. ಅವರು ಕಣ್ಣು ಕುಯ್ಯೋವಾಗ ಕೈ ಹಿಡ್ಕೊಳ್ಳೋಕೆ ಬಿಡ್ತಾರಾ?"

"ಬಿಡಲ್ಲ ಅನ್ಸುತ್ತೆ ತಾತ."

"ಬಾಗಿಲ ಹತ್ರಾನಾದ್ರೂ ಇರು."

ಬಾಗಿಲ ಹತ್ತಿರವೇ ಇದ್ದೆ. ಒಳಗೆ ಹೋಗುವಾಗ ಅವನ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು, ನರ್ಸಮ್ಮನಿಗೆ ತೆಲುಗಿನಲ್ಲೇ ಏನೋ ಹೇಳುತ್ತ ಹೋದ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ನನಗೆ ಮತ್ತೆ ಬಾವಿಯ ತಳದ ಆ ಸದ್ದು ಕೇಳಿಸುತ್ತಲೇ ಇತ್ತು. ಕಣ್ಣಿಗೆ ಹತ್ತಿ ಕಟ್ಟಿಕೊಂಡು ಹೊರಗೆ ಬಂದವನು ಮೊದಲು ಕೇಳಿದ್ದು ಕಾಫಿ.

ಸಂಕ್ರಾಂತಿ ಕಳೆದು, ಕಪ್ಪು ಕನ್ನಡಕ ತೆಗೆದು ಬೇರೆ ಕನ್ನಡಕ ಹಾಕಿದ ಮೇಲೆ ಒಂದು ಮಧ್ಯಾಹ್ನ ಅವನು ಯಾರಿಗೂ ಹೇಳದೆ ಜಗಲಿ ಇಳಿದು ನಡೆಯುತ್ತಿರುವುದು ಕಂಡಿತು. ಅಮ್ಮ ಕೂಗಲು ಬಾಯಿ ತೆರೆದವಳು ತಾನೇ ಬಾಯಿ ಮುಚ್ಚಿಕೊಂಡಳು. ನಾವೆಲ್ಲ ಹಿಂದೆಯೇ ಹೋದೆವು. ಅತ್ತೆಯೂ ಬಂದಳು. ತಾತ ಮುಳ್ಳಿನ ಬೇಲಿಯ ಈಚೆ ನಿಂತು, ಎರಡು ಕೈ ಮಂಡಿಗೆ ಊರಿ, ಬಾವಿಯೊಳಗೆ ಬಗ್ಗಿ ನೋಡುತ್ತಿದ್ದ. ಅಪ್ಪ ಸದ್ದಿಲ್ಲದೆ ಹೋಗಿ ಹಿಂದಿನಿಂದ ಪಂಚೆಯ ತುದಿ ಹಿಡಿದುಕೊಂಡ.

"ಅಗೋ," ಅಂದ ತಾತ.

"ಏನು ನಾಯ್ನಾ?" ಅತ್ತೆ ಕೇಳಿದಳು. ಆ ಸೋಮವಾರದಿಂದ ಅವನ ಜೊತೆ ಅವಳು ಆಡಿದ ಮೊದಲ ಮಾತು ಅದು.

"ಕೋಲು ಕಣೇ. ಬಂಡೆಗೆ ಒರಗ್ಕೊಂಡೈತೆ ನೋಡು. ಹಿಡಿ ಮುರಿದೈತೆ."

ಅತ್ತೆ ಬಂದು ಅವನ ಪಕ್ಕದಲ್ಲಿ ನಿಂತು, ಅವನ ತೋಳು ಹಿಡಿದುಕೊಂಡು ಬಗ್ಗಿ ನೋಡಿದಳು. ಆಮೇಲೆ ನಾನೂ ನೋಡಿದೆ. ಕೋಲು ಅಲ್ಲೇ ಇತ್ತು. ಹಗ್ಗ ಕಟ್ಟಿಕೊಂಡು ಇಳಿದು ತೆಗೆದುಕೊಂಡು ಬರುತ್ತೇನೆ ಎಂದು ಅಪ್ಪ ಹೇಳಿದ್ದಕ್ಕೆ ತಾತ ಬೇಡ ಅಂದ. ಅವತ್ತು ಸಂಜೆ ಕೊಟ್ಟಿಗೆಗೆ ಅವನೇ ಹೋಗಿ ಹಸು ಕಟ್ಟಿಬಂದ. ಅವನ ಎಡಗೈಯನ್ನು ಅತ್ತೆ ಹಿಡಿದುಕೊಂಡಿದ್ದಳು.